ಓಣಿಗೆ ಪರವಡಿಸದ ಉಪವಾಸ

ಬಸವಕಲ್ಯಾಣದ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದ ಮೂವತ್ತು ವರ್ಷ ನಾನು ಐದಕ್ಕೆ ಎದ್ದೆ, ಐದೂವರೆಗೆ ಪ್ರಾರ್ಥಿಸಿದೆ, ಎಂಟಕ್ಕೆ ಉಂಡೆ. ನಿವೃತ್ತಿಯಾದ ಮೇಲೆ ಬಡವರ ನಡುವೆ ಬಡವನಾಗಿ ಬದುಕಬೇಕೆಂದು ಹುಮನಾಬಾದಿನ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಒಂದು ತಗಡಿನ ಕೋಣೆ ಹಿಡಿದೆ. ವೇಳಾಪಟ್ಟಿಯನ್ನು ಮಾತ್ರ ಬಿಟ್ಟು ಬರಲಾಗಲಿಲ್ಲ. ಅದರ ಪ್ರಕಾರ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಪ್ರತಿ ಶುಕ್ರವಾರ, ಹೊತ್ತು ಮುಳುಗುವ ತನಕ ಉಪವಾಸ. ಹಸಿದವರ ಹಸಿವಿನಲ್ಲಿ ಪಾಲು ಪಡೆಯುವುದು ನನ್ನ ಉದ್ದೇಶ.

ಓಣಿಯ ಪದ್ಧತಿ ನನಗೆ ಗೊತ್ತಿರಲಿಲ್ಲ. ಅಲ್ಲಿ ಒಲೆಗಳೆಲ್ಲ ಬಾಗಿಲ ಹೊರಗೆ. ತೊಗರಿ ಕಟ್ಟಿಗೆ ಹಚ್ಚಿ ಬೆಳಿಗ್ಗೆ ಏಳರೊಳಗೆ ರೊಟ್ಟಿ ಬಡಿಯುತ್ತಾರೆ. ಏಳಾದರೂ ಹೊಗೆ ಏಳದಿದ್ದರೆ ಆ ಮನೆಯಲ್ಲಿ ಹಿಟ್ಟಿಲ್ಲ ಎಂದೇ ತಿಳಿಯಬೇಕು. ಯಾರೂ ಏನೂ ಕೇಳುವುದಿಲ್ಲ, ರೊಟ್ಟಿ ತಂದುಕೊಡುತ್ತಾರೆ.

ಮೊದಲ ಶುಕ್ರವಾರ ಪಕ್ಕದ ಮನೆಯವಳು ನಾಲ್ಕು ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಳು. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು, ಬೇಳೆ ಮಿಲ್ಲಿನಲ್ಲಿ ಕೂಲಿ.

"ಬ್ಯಾಡ ಯವ್ವಾ" ಎಂದೆ.

"ಯಾಕ್ರಿ ಕಾಕಾ, ನಮ್ಮ ಕೈಯಾಂದು ನಡಿಯಂಗಿಲ್ಲೇನ್ರಿ?"

ಅವಳ ಮುಖ ಸಣ್ಣದಾಯಿತು. ಜಾತಿಯ ಕಾರಣಕ್ಕೆ ಇಂಥ 'ಬ್ಯಾಡ'ಗಳನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ನಿಜ ಹೇಳೋಣವೆಂದರೆ, ಉಪವಾಸವನ್ನು ಜನರಿಗೆ ತೋರಿಸಿಕೊಳ್ಳಬಾರದೆಂದು ಬೈಬಲಿನಲ್ಲಿ ಕರ್ತನೇ ಹೇಳಿದ್ದಾನೆ. ತಿಂದೆ. ಅದನ್ನು ನೋಡಿ ಎದುರುಮನೆಯ ಮುದುಕಿ ಒಂದು ತಂದಳು, ಗಾರೆಕೆಲಸ ಮಾಡುವ ಮೂಲೆಮನೆಯ ಗೌಂಡಿ ಎರಡು ತಂದ. ಒಬ್ಬರದು ತಿಂದು ಇನ್ನೊಬ್ಬರದು ಬಿಡಲು ಬರುವುದಿಲ್ಲ. ಎಂಟರ ಹೊತ್ತಿಗೆ ಏಳು ರೊಟ್ಟಿ ಇಳಿದಿದ್ದವು. ಕ್ರಿಸ್‌ಮಸ್ಸಿಗೂ ನಾನು ಅಷ್ಟು ಉಂಡವನಲ್ಲ.

ಮುಂದಿನ ಶುಕ್ರವಾರ ಆರೂವರೆಗೇ ಒಲೆ ಹಚ್ಚಿ, ಪಾತ್ರೆ ತುಂಬ ನೀರಿಟ್ಟು ಮುಚ್ಚಿದೆ. ಹೊಗೆ ಚೆನ್ನಾಗಿ ಎದ್ದಿತು. ಪಕ್ಕದ ಮನೆಯವಳು ಬಂದಳು.

"ಏನ್ ಕುದಸಾಕತ್ತೀರಿ ಕಾಕಾ?"

"ಬ್ಯಾಳಿ" ಎಂದೆ. ಸುಳ್ಳು ಹೇಳಿದ ಹುಡುಗರನ್ನು ಮೂವತ್ತು ವರ್ಷ ಮೊಣಕಾಲೂರಿಸಿದವನು ನಾನು.

"ಬ್ಯಾಳಿ ವಾಸನಿ ಬರವಲ್ದಲ್ರಿ?" ಎಂದು ಮುಚ್ಚಳ ತೆಗೆದಳು. ಬರೀ ನೀರು. ಅಲ್ಲೇ ಕುಳಿತಳು. "ನಾನೂ ಹುಡುಗ್ಯಾರಿಗಿ ಹಿಂಗೇ ಮಾಡೀನ್ರಿ. ಬ್ಯಾಳಿ ಬೇಯಾಕತ್ತದ, ಮಲ್ಕೋರಿ ಅಂತ ನೀರ್ ಕುದಸೀನಿ." ಕಣ್ಣೊರೆಸಿಕೊಂಡು ಹೋಗಿ ಮತ್ತೆ ನಾಲ್ಕು ರೊಟ್ಟಿ ತಂದಳು. ಆ ದಿನ ಗೌಂಡಿ ಅನ್ನವನ್ನೂ ತಂದ.

ಸಂಜೆ ಅವಳು ಹಿಟ್ಟಿನ ಡಬ್ಬಿಯನ್ನು ಬೋರಲು ಮಾಡಿ ಬಡಿಯುವುದು ಕಂಡಿತು. ಮಕ್ಕಳಿಗೆ ತೆಳ್ಳನೆ ಅಂಬಲಿ. ಕರ್ತನ ಕ್ಷಮೆ ಕೇಳಿ, ಹೋಗಿ ಎಲ್ಲ ಹೇಳಿಬಿಟ್ಟೆ.

"ನಿಮ್ಮನ್ಯಾಗ ಹಿಟ್ಟದ ಏನ್ರಿ?"

"ಅರ್ಧ ಡಬ್ಬಿ ಅದ."

"ಹಿಟ್ಟ ಇಟ್ಕೊಂಡು ಉಪಾಸ ಕುಂತೀರಿ?" ಮೊದಲು ನಂಬಲಿಲ್ಲ, ಆಮೇಲೆ ನಕ್ಕಳು, ಆಮೇಲೆ ಸಿಟ್ಟಿಗೆದ್ದಳು. "ನಾವು ಹಿಟ್ಟ ಇಲ್ದಾಗ ಉಪಾಸ ಇರ್ತೀವ್ರಿ. ನೀವು ಹಿಟ್ಟಿದ್ದೂ ಉಪಾಸ ಕುಂತು ನಮ್ಮನ್ನ ಉಪಾಸ ಕೆಡವಾಕತ್ತೀರಿ. ನಿಮ್ಮ ಉಪಾಸ ಈ ಓಣಿಗಿ ಪರವಡಸಂಗಿಲ್ರಿ ಕಾಕಾ!"

ನನ್ನ ಡಬ್ಬಿಯನ್ನು ಅವಳ ಮುಂದಿಟ್ಟೆ. ಎಂಟು ರೊಟ್ಟಿಯ ಹಿಟ್ಟನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ವಾಪಸು ಕೊಟ್ಟಳು.

ಮೂರನೆಯ ಶುಕ್ರವಾರ ಆರೂವರೆಗೆ ನಾನೇ ಎರಡು ರೊಟ್ಟಿ ಬಡಿದೆ. ಒಂದು ಹರಿಯಿತು. ಅವಳು ಬುತ್ತಿ ಹಿಡಿದು ನನ್ನ ಎದುರು ನಿಂತಳು. ಓಣಿಯ ತುದಿಯಲ್ಲಿ ಮಿಲ್ಲಿನ ಆಟೋ ಹಾರ್ನ್ ಹೊಡೆಯುತ್ತಿತ್ತು.

"ಆಟೋ ಹೋಗ್ತದ, ನಡಿ ಯವ್ವಾ."

"ಮೊದ್ಲ್ ನುಂಗ್ರಿ."

ನುಂಗಿದೆ. ಬಾಯಿ ತೆರೆದು ತೋರಿಸಿರೆಂದಳು, ತೋರಿಸಿದೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಆಟೋದ ಹಿಂದೆ ಓಡಿದಳು.