ಟ್ರೇಲರಿನ ಕಾಕಾ

ಮೊನ್ನೆ ಅಡುಗೆಮನೆಯಲ್ಲಿ ಮಿಕ್ಸರಿನ ವೈರು ಸುಟ್ಟಿತು. ಪ್ಲಗ್ ಕಿತ್ತು ಕಿಟಕಿ ತೆರೆದೆ. ಆದರೂ ಆ ಸುಟ್ಟ ರಬ್ಬರಿನ ವಾಸನೆ ಹೋಗಲಿಲ್ಲ. ಬನಹಟ್ಟಿಯ ನಮ್ಮ ಓಣಿ ನೆನಪಾಯಿತು, ಎದುರುಮನೆಯ ಕಾಕಾ ನೆನಪಾದರು…

ಕಾಕಾ ಜೀಪಿಗೆ ಟ್ರೇಲರ್ ಕಟ್ಟಿಕೊಂಡು ಮಗ್ಗದವರಿಗೆ ಬೀಮು, ಅಂದರೆ ನೂಲು ಸುತ್ತಿದ ಭಾರದ ಉರುಳೆ, ಸಾಗಿಸುತ್ತಿದ್ದರು. ಎಲ್ಲಿಯೋ ಹರಾಜಿನಲ್ಲಿ ತಂದ ಆ ಟ್ರೇಲರಿಗೆ ತನ್ನದೇ ಬ್ರೇಕು ಇತ್ತು. ಜೀಪು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದಲ್ಲ, ಆ ಒತ್ತಿಗೇ ಬ್ರೇಕು ಹಿಡಿಯುತ್ತಿತ್ತು. ತೊಂದರೆಯೆಂದರೆ ರಿವರ್ಸ್ ಹೊಡೆದಾಗಲೂ ಅದೇ ಒತ್ತು. ಗಾಲಿ ಕಚ್ಚಿಕೊಂಡು ನಿಂತುಬಿಡುತ್ತಿತ್ತು. ನಮ್ಮ ಇಕ್ಕಟ್ಟಿನ ಓಣಿಯಲ್ಲಿ ಸೈಕಲ್ಲು, ಎಮ್ಮೆ, ಮಂದಿ ಎಲ್ಲ ಸೇರಿ ಗದ್ದಲವೋ ಗದ್ದಲ. ಕಾಕಾ ನಗುತ್ತಲೇ ಇಳಿದು, ಬ್ರೇಕು ಹಿಡಿಯದಂತೆ ಕಬ್ಬಿಣದ ಮೊಳೆ ಸಿಗಿಸಿ ಮತ್ತೆ ಹತ್ತುತ್ತಿದ್ದರು.

ಆಮೇಲೆ ಅವರೇ ಒಂದು ಉಪಾಯ ಹುಡುಕಿದರು. ಜೀಪಿನ ರಿವರ್ಸ್ ದೀಪದಿಂದ ಒಂದು ವೈರು ಎಳೆದು ಜೀಪಿಗೆ ಸಿಗಿಸುವ ಟ್ರೇಲರಿನ ಮೂಕಿಯ ಮೇಲೆ ಕೂರಿಸಿದ, ತಂತಿ ಸುತ್ತಿದ ಕಾಯಿಲಿಗೆ ಕೊಟ್ಟರು. ರಿವರ್ಸ್ ಗೇರು ಹಾಕಿದರೆ ಕಾಯಿಲಿಗೆ ಕರೆಂಟು ಬಂದು, ಮೊಳೆಯ ಬದಲು ಅದೇ ಟ್ರೇಲರಿನ ಬ್ರೇಕು ಹಿಡಿಯದಂತೆ ತಡೆಯುತ್ತಿತ್ತು.

"ಇನ್ನ ಇಳಿಯೂದಿಲ್ಲ ಹತ್ತೂದಿಲ್ಲ, ಕುಂತಲ್ಲೇ ಕೆಲಸ!" ಎಂದು ಅಪ್ಪನ ಮುಂದೆ ಹಿಗ್ಗಿದ್ದರು.

ಆ ವೈರನ್ನು ಬ್ರೇಕ್ ದೀಪದ ವೈರಿನ ಜೊತೆಗೇ ಸುತ್ತಿ ಕಟ್ಟಿದ್ದರು. ತಿಕ್ಕಾಡಿ ತಿಕ್ಕಾಡಿ ಎರಡರ ಮೇಲಿನ ರಬ್ಬರೂ ಸವೆದಿತ್ತು. ಒಂದು ಮಧ್ಯಾಹ್ನ ತುಂಬಿದ ಟ್ರೇಲರಿನೊಂದಿಗೆ ಓಣಿಯ ಇಳಿಜಾರಿನಲ್ಲಿ ಬರುತ್ತ ಕಾಕಾ ಬ್ರೇಕು ತುಳಿದರು. ಸವೆದ ಜಾಗದಲ್ಲಿ ತಂತಿಗೆ ತಂತಿ ತಾಗಿ, ಬ್ರೇಕ್ ದೀಪದ ಕರೆಂಟು ನೇರ ಕಾಯಿಲಿಗೆ ಹರಿಯಿತು. ಹಿಡಿಯಬೇಕಾದ ಹೊತ್ತಿಗೇ ಟ್ರೇಲರಿನ ಬ್ರೇಕು ಬಿಟ್ಟುಕೊಟ್ಟಿತು. ಹಿಂದಿನ ಭಾರ ಜೀಪನ್ನು ದೂಡಿಕೊಂಡು ಬಂತು. ಕಾಲೇಜಿನಿಂದ ಬರುತ್ತಿದ್ದ ನಾನು ಗೋಡೆಗೆ ಆತು ನಿಂತೆ. ಜೀಪಿಗೂ ಗೋಡೆಗೂ ನಡುವೆ ಎಡಗಾಲು ಸಿಕ್ಕಿಕೊಂಡಿತು…

ಜಮಖಂಡಿಯ ದವಾಖಾನೆಗೆ ಅವರೇ ಕರೆದೊಯ್ದರಂತೆ. ನನಗೆ ಎಚ್ಚರವಾದಾಗ ಮಂಚದ ಪಕ್ಕ ನಿಂತಿದ್ದರು.

"ಮುಂಜಾನೇನ ವೈರು ಸುಟ್ಟ ವಾಸನಿ ಬಂದಿತ್ತು ತಂಗೀ. ಇದೊಂದು ಟ್ರಿಪ್ ಮುಗಿಸಿ ನೋಡಿದ್ರಾತು ಅನ್ಕೊಂಡ್ನಿ…"

ಅಪ್ಪ ಅವರ ಹೆಗಲು ಹಿಡಿದು, "ಬೇಕಂತ ಮಾಡಿಲ್ಲಲ್ಲಪಾ, ಬಿಡು" ಎಂದರು.

ಕಾಕಾ ಬಿಡಲಿಲ್ಲ. ಟ್ರೇಲರನ್ನು ಗುಜರಿಗೆ ಹಾಕಿದರು. ಓಣಿಯ ಕಟ್ಟೆಗೆ ಬರುವುದನ್ನು ನಿಲ್ಲಿಸಿದರು. ನಾನು ಕುಂಟುತ್ತ ಹೊರಬಂದರೆ ಹಿತ್ತಲ ಬಾಗಿಲಿನಿಂದ ಹೋಗಿಬಿಡುತ್ತಿದ್ದರು. ತಪ್ಪು ನನ್ನದಲ್ಲವೆಂದು ಗೊತ್ತಿದ್ದರೂ, ಅಷ್ಟು ನಗುವ ಮನುಷ್ಯನ ನಗುವನ್ನು ನನ್ನ ಕಾಲೇ ಕಸಿದುಕೊಂಡಿತು ಅನಿಸುತ್ತಿತ್ತು. ಅವರು ಕಂಡರೆ ಸಾಕು, ಹಲ್ಲು ಕಚ್ಚಿ ನೆಟ್ಟಗೆ ನಡೆಯಲು ನೋಡುತ್ತಿದ್ದೆ.

ಒಂದು ದಿನ ಅವರೇ ತಡೆದರು. "ನನ್ನ ಮುಂದ ಯಾಕ ಹಂಗ ನಡೀತಿ? ಬ್ಯಾನಿ ಆಗ್ತೈತಿ ನಿಂಗ. ಕುಂಟಕೋತನ ನಡಿಯವಾ, ನನ್ನ ತಾಯಿ."

"ಕಾಕಾ, ನಿಮ್ಮ ತಪ್ಪಲ್ಲರೀ" ಎಂದೆ. ಎಷ್ಟೋ ಸಲ ಹೇಳಿದ ಮಾತು.

"ನೀ ಹಂಗ ಅಂದಾಗೆಲ್ಲಾ ನನಗ ಸಂಕಟ ಇನ್ನೂ ಜಾಸ್ತಿ ಆಗ್ತೈತಿ. ಅನಬ್ಯಾಡ."

ಅಂದಿನಿಂದ ನಾನು ಅನ್ನಲಿಲ್ಲ. ಎದುರಾದರೆ "ಆರಾಮರಿ?" ಎಂದು ಕೇಳಿ ಮುಂದೆ ಹೋಗುತ್ತಿದ್ದೆ. ಅದೇ ಅವರಿಗೆ ಹಗುರವೆಂದು ನಂಬಿದ್ದೆ. ಮುಂದೆ ಮದುವೆಯಾಗಿ ಮುಧೋಳಕ್ಕೆ ಬಂದೆ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಬನಹಟ್ಟಿಗೆ ಹೋದಾಗ ಅವರ ಹೆಂಡತಿ, ನಮ್ಮ ಕಾಕು, ಕೈಹಿಡಿದು ಕೂರಿಸಿಕೊಂಡರು.

"ನಿನ್ನ ಭಾಳ ನೆನಸ್ತಿದ್ರವಾ. ಮೊದಲೆಲ್ಲಾ 'ನಿಮ್ಮ ತಪ್ಪಲ್ಲ' ಅಂತಿದ್ಲು, ಈಗ ಏನೂ ಅನ್ನೂದಿಲ್ಲ, ಹುಡುಗಿಗೆ ಒಳಗ ಸಿಟ್ಟು ಉಳದೈತೋ ಏನೋ… ಅಂತಿದ್ರು."

ಅನ್ನಬೇಡವೆಂದವರು ಕಾಕಾ ಅವರೇ. ಆದರೂ ಒಂದು ಸಲ, ಅವರ ಮಾತು ಮೀರಿ ಹೇಳಬಹುದಿತ್ತು. ಕಾಕುವಿನ ಕೈ ಹಿಡಿದು, "ಸಿಟ್ಟಿರಲಿಲ್ಲರೀ ಕಾಕು" ಎಂದೆ. ಕಾಕು ತಲೆ ಅಲ್ಲಾಡಿಸಿದರು. ಆ ಮಾತು ಕೇಳಿಸಿಕೊಳ್ಳಬೇಕಾಗಿದ್ದವರು ಅವರಲ್ಲ…