ನಾನು ಹೇಳಿಕೊಟ್ಟ ನಾಲ್ಕು ಪದ

ಈ ಫೋನಿನಲ್ಲಿ ಒಂದು ಪದ ಒತ್ತಿದರೆ ಮುಂದಿನದನ್ನು ಅದೇ ಹೇಳಿಕೊಡುತ್ತದೆ. ಬಹಳ ಸಲ ತಪ್ಪೇ ಹೇಳಿಕೊಡುತ್ತದೆ. ನಾನು ಬೈಯುವುದಿಲ್ಲ. ನಾನೂ ಒಮ್ಮೆ ಇದೇ ಕೆಲಸ ಮಾಡಿ ಸಿಕ್ಕಿಬಿದ್ದವಳು.

ಬಿಡದಿ ಸುತ್ತಲ ಹೊಲಗಳಲ್ಲಿ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ನಮ್ಮದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆ, ಹಿತ್ತಲಲ್ಲೇ ಚರಕ. ನನ್ನ ನಾದಿನಿ, ಗಂಡ ತೀರಿಹೋದ ಮೇಲೆ, ನಮ್ಮ ಜೊತೆಗೇ ಇದ್ದಳು. ಅವನಿಂದ ಅವಳಿಗೆ ಎಚ್‌ಐವಿ ಬಂದಿತ್ತು. ಸರ್ಕಾರಿ ಆಸ್ಪತ್ರೆಯ ಮಾತ್ರೆಯಿಂದ ಮೈಕೈ ತುಂಬಿಕೊಂಡು ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೂ ಸೇರಿದಳು.

ಆಮೇಲೆ ಮರೆವು ಶುರುವಾಯಿತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ನನಗೂ ಉಂಟು. ಇವಳು ಮಾತ್ರೆ ನುಂಗಿದೆನೋ ಇಲ್ಲವೋ ಎಂದು ನನ್ನನ್ನೇ ಕೇಳತೊಡಗಿದಳು. ಒಂದು ದಿನ ಫ್ಯಾಕ್ಟರಿ ವ್ಯಾನಿನಲ್ಲಿ ನಮ್ಮ ಬೀದಿ ದಾಟಿದರೂ ಇಳಿಯದೆ ಚನ್ನಪಟ್ಟಣದ ತನಕ ಹೋಗಿಬಂದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನಾಲ್ಕು ಪದ ಹೇಳಿ, ಬೆರಳು ಬೇಗ ಬೇಗ ತಟ್ಟಿಸಿ, ಮುಷ್ಟಿ ಹಿಡಿಸಿ ಅಂಗೈ ಬಿಡಿಸಿ, ಆಮೇಲೆ ಆ ಪದಗಳನ್ನು ಕೇಳಿದರು. ಒಂದೂ ಬರಲಿಲ್ಲ. ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು.

ದಾರಿಯಲ್ಲೇ ಇವಳ ಚಿಂತೆ ಹೊರಬಿತ್ತು.

"ಬುದ್ಧಿ ಮಂಕಾಗೈತೆ ಅಂತ ಬರ್ದ್‌ಬುಟ್ರೆ ಫ್ಯಾಕ್ಟ್ರಿಯೋರು ಮಡಿಕೊಂಡಾರಾ ಅತ್ಗೆ?"

"ನಾನಿಲ್ವೇನಮ್ಮಿ? ಪಾಸ್ ಮಾಡುಸ್ತೀನಿ ಬುಡು."

ಆ ಪದಗಳು ನನಗೆ ನೆನಪಿದ್ದವು: ಕೊಡೆ, ಬೆಕ್ಕು, ಹುರುಳಿ, ನೀಲಿ. ಭಾನುವಾರ ಅವಳನ್ನು ಚರಕದ ಮುಂದೆ ಕೂರಿಸಿದೆ. ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆಯನ್ನು ಬೆರಳಲ್ಲಿ ಎತ್ತಿ, ಓಡುವ ನೂಲಿಗೆ ಸೇರಿಸುತ್ತಿರಬೇಕು. ಒಂದು ಎಳೆಗೆ ಒಂದು ಪದ. ಕೈಗೆ ಕಲಿಸಿಬಿಟ್ಟರೆ ತಲೆಯನ್ನು ಯಾಕೆ ಕೇಳಬೇಕು ಎಂಬುದು ನನ್ನ ಜಾಣತನ. ನಾಲ್ಕು ಭಾನುವಾರದಲ್ಲಿ ಪದಗಳು ನೂಲಿನಷ್ಟೇ ಸಲೀಸಾಗಿ ಬಂದವು.

ತಿಂಗಳಾದ ಮೇಲೆ ಮತ್ತೆ ಹೋದ ದಿನ ಡಾಕ್ಟರಮ್ಮ ಹೇಳಿದ್ದು ಕುರ್ಚಿ, ಮೇಕೆ, ರಾಗಿ, ಹಳದಿ. ಪ್ರಶ್ನೆಪತ್ರಿಕೆಯೇ ಬದಲು! ನಾನು ಎರಡು ಸಲ ಕೆಮ್ಮಿದೆ, ಇವಳು ನನ್ನ ಕಡೆ ನೋಡಲೂ ಇಲ್ಲ. ಕೇಳಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೊಡೆ, ಬೆಕ್ಕು, ಹುರುಳಿ, ನೀಲಿ ಎಂದು ಒಪ್ಪಿಸಿದಳು. ಒಂದೊಂದು ಪದಕ್ಕೂ ಗಾಳಿಯಲ್ಲಿ ಎಳೆ ಎತ್ತಿ ಹಾಕುತ್ತಿದ್ದಳು.

ಡಾಕ್ಟರಮ್ಮ ಅವಳ ಬೆರಳು ನೋಡಿದರು, ಆಮೇಲೆ ನನ್ನ ಮುಖ. ನಾನೇ ಹೇಳಿಕೊಟ್ಟಿದ್ದು ಎಂದು ಒಪ್ಪಿಕೊಂಡೆ, ಫ್ಯಾಕ್ಟರಿಯ ಭಯವನ್ನೂ ಹೇಳಿದೆ. ಈ ಕಾಗದ ಯಾವ ಫ್ಯಾಕ್ಟರಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತದೆ ಎಂದರು.

"ಇದರಲ್ಲಿ ಪಾಸು ಫೇಲು ಇಲ್ಲಮ್ಮ. ಇವರು ಏನು ಮರೀತಾರೆ ಅಂತ ನನಗೆ ಕಾಣಬೇಕು. ನೀವು ಮುಚ್ಚಿಟ್ಟರೆ ನಾನು ಯಾವುದಕ್ಕೆ ಔಷಧಿ ಕೊಡಲಿ?"

ಮೊದಲ ಸಲ ಬರೀ ಮರೆವು ಎಂದಿದ್ದೆ, ಆಗ ಮಾತ್ರೆ, ವ್ಯಾನು ಎಲ್ಲ ಬಿಚ್ಚಿ ಹೇಳಿದೆ. ರಕ್ತ ಪರೀಕ್ಷೆಗೆ ಬರೆದರು, ನಿದ್ದೆ ಹೇಗೆ ಬರುತ್ತದೆ ಎಂದು ವಿಚಾರಿಸಿದರು. ಫಲಿತಾಂಶ ಬಂದ ಮೇಲೆ ಒಂದು ಮಾತ್ರೆ ಬದಲಾಯಿತು. ಊಟವಾದ ಮೇಲೆ ನನ್ನೆದುರೇ ನುಂಗಿ ಕ್ಯಾಲೆಂಡರಿನಲ್ಲಿ ಗೀಟು ಹಾಕಬೇಕೆಂದು ಕಟ್ಟಪ್ಪಣೆ. ಮುಂದಿನ ಪರೀಕ್ಷೆಗೆ ನಾನು ಬಾಗಿಲಾಚೆ ಎಂಬುದು ಇನ್ನೊಂದು.

ಮೂರು ತಿಂಗಳ ಮೇಲೆ ಹೊರಗಿನ ಬೆಂಚಿನಲ್ಲಿ ಕೂತೆ. ಬಾಗಿಲಿಗೆ ಕಿವಿ ಕೊಟ್ಟೆ ಎಂದು ನರ್ಸಮ್ಮ ಹೇಳಿದ್ದು ಸುಳ್ಳಲ್ಲ, ಆದರೆ ಏನೂ ಕೇಳಿಸಲಿಲ್ಲ. ಇವಳು ನಗುತ್ತಾ ಬಂದಳು. ಹೊಸ ನಾಲ್ಕರಲ್ಲಿ ಮೂರು ಬಂದಿದ್ದವಂತೆ. ಕೆಲಸಕ್ಕೂ ಹೋಗಬಹುದು ಎಂದಿದ್ದರಂತೆ. ಬಿಟ್ಟುಹೋದದ್ದು ಯಾವುದು ಎಂದು ತಡೆಯಲಾರದೆ ಕೇಳಿದೆ.

"ಅದು ಗೊತ್ತಿದ್ರೆ ಮರ್ತಂಗೆ ಹೆಂಗಾಯ್ತದೆ ಅತ್ಗೆ?" ಎಂದು ನನಗಿಂತ ಮುಂದೆ ಮೆಟ್ಟಿಲಿಳಿದಳು.