ಮುಖ ಕಾಣದ ಬೆಲ್ಟು

ಕಂದು ಪಾಲಿಶ್ ಡಬ್ಬಿಯ ಮುಚ್ಚಳ ತಿರುಗಿಸಿದ ಕೂಡಲೇ ಆ ವಾಸನೆ ಬಂತು. ಶೂ ಪಾಲಿಶ್ ವಾಸನೆಗೆ ಹಳೆಯದೆಲ್ಲ ನೆನಪಾಗುವವನು ಇಡೀ ಪೀಣ್ಯದಲ್ಲಿ ನಾನೊಬ್ಬನೇ ಇರಬೇಕು. ಎದುರಿಗೆ ಹಳೇ ಪೇಪರಿನ ಮೇಲೆ ಒಂದು ವಾಚು. ಅದರ ಚರ್ಮದ ಬೆಲ್ಟು ಬಣ್ಣ ಬಿಟ್ಟು, ಚಳಿಗಾಲದ ಹಿಮ್ಮಡಿಯ ಹಾಗೆ ಬಿರಿದಿತ್ತು. ನಮ್ಮ ಫೋರ್‌ಮನ್ನರ ವಾಚು. ಅವರು ತೀರಿಹೋದ ಮೇಲೆ ಡ್ರಾಯರಿನಲ್ಲೇ ಇತ್ತಂತೆ. ಇನ್ನು ಮುಂದೆ ನಾನೇ ಕಟ್ಟಿಕೊಳ್ಳುತ್ತೇನೆ, ಮತ್ತೆ ಮೊದಲಿನ ಹೊಳಪು ತಂದುಕೊಡು ಎಂದು ಅವರ ಹೆಂಡತಿ, ನಮಗೆಲ್ಲ ಅಕ್ಕ, ಕೊಟ್ಟುಹೋಗಿದ್ದರು.

ಮೊದಲಿನ ಹೊಳಪು... ಅದನ್ನು ತಂದವನೂ ನಾನೇ.

ನಮ್ಮದು ಸ್ಟೀಲಿನ ನಲ್ಲಿ, ಬಾಗಿಲ ಹಿಡಿ ಮಾಡುವ ಫ್ಯಾಕ್ಟರಿ. ನಾನಿದ್ದದ್ದು ಬಫಿಂಗ್ ಸೆಕ್ಷನ್ನಿನಲ್ಲಿ, ಅಂದರೆ ಗಿರಗಿರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಲೋಹವನ್ನು ಒತ್ತಿ ಹೊಳಪು ತರುವ ಜಾಗದಲ್ಲಿ. ಸಂಜೆ ಹೊತ್ತಿಗೆ ಮಾಲು ಬೆಳ್ಳಗಾಗುತ್ತಿತ್ತು, ನಾವು ಕರ್ರಗಾಗುತ್ತಿದ್ದೆವು. ನಾನು ಮೊದಲೇ ಕರ್ರಗಿದ್ದವನು, ನನಗೇನೂ ನಷ್ಟವಿರಲಿಲ್ಲ. ಫೋರ್‌ಮನ್ನರ ಪರೀಕ್ಷೆ ಒಂದೇ. ನಲ್ಲಿಯನ್ನು ಮೂಗಿನ ಮುಂದೆ ಹಿಡಿದು ತಮ್ಮ ಮೀಸೆ ನೋಡಿಕೊಳ್ಳುತ್ತಿದ್ದರು. ಮೀಸೆ ಕಂಡರೆ ಸರಿ, ಇಲ್ಲವಾದರೆ, "ಮುಕ ಕಾಣಾಕಿಲ್ಲ ಕಣ್ಲಾ, ಇನ್ನೊಂದ್ ಕೈ ಕೊಡು."

ಆ ದನಿಯನ್ನು ನಾನು ವಾರದೊಳಗೆ ಕದ್ದಿದ್ದೆ. ಎಚ್ಆರ್ ಮೇಡಂ, ಕ್ಯಾಂಟೀನಿನವನು, ಗೇಟಿನ ಸೆಕ್ಯುರಿಟಿ, ಯಾರನ್ನೂ ಬಿಟ್ಟವನಲ್ಲ. ಒಂದು ದಿನ ಹೊಸಬನೊಬ್ಬನ ಮಾಲನ್ನು ಫೋರ್‌ಮನ್ ದನಿಯಲ್ಲಿ ವಾಪಸ್ ಕಳಿಸಿದೆ. ಅವನು ತಿರುಗಿಯೂ ನೋಡದೆ ಮತ್ತೆ ಉಜ್ಜಲು ಕೂತ. ನನ್ನ ಬೆನ್ನ ಹಿಂದಿನಿಂದ ನಿಜವಾದ ದನಿ ಬಂತು: "ದನಿ ಏನೋ ಐತೆ. ಮೀಸೆ ಎಲ್ಲಿಂದ ತರ್ತೀಯಾ?"

ಆ ವಾಚು ಅಕ್ಕ ಗಾರ್ಮೆಂಟ್ಸಿಗೆ ಸೇರಿದಾಗ ಮೊದಲ ಸಂಬಳದಲ್ಲಿ ಗಂಡನಿಗೆ ತಂದುಕೊಟ್ಟದ್ದು. ಅಕ್ಕನದು ಚೆಕ್ಕಿಂಗ್ ಕೆಲಸ. ಹೊಲಿದ ಶರ್ಟಿನ ಮೇಲೆ ಹೆಬ್ಬೆರಳು ಆಡಿಸಿದರೆ ಸಾಕು, ಸೊಟ್ಟ ಹೊಲಿಗೆ ಎಲ್ಲಿದೆಯೋ ಅಲ್ಲೇ ಬೆರಳು ನಿಲ್ಲುತ್ತಿತ್ತು. ಫೋರ್‌ಮನ್ನರ ನಿವೃತ್ತಿಯ ವರ್ಷ ಆಯುಧಪೂಜೆಯ ದಿನವೇ ಅವರಿಗೆ ಸನ್ಮಾನ ಎಂದು ಗೊತ್ತಾಯಿತು. ಪೂಜೆಗೆ ಎಲ್ಲರ ಮನೆಯವರೂ ಬರುತ್ತಾರೆ. ಅಕ್ಕನ ಎದುರಿಗೆ ಆ ವಾಚು ಹೊಳೆಯಬೇಕು, ಅದೊಂದೇ ಅವರ ಆಸೆ. ಹೊಸ ಬೆಲ್ಟು ಹಾಕಿಸಿ ಸಾರ್ ಅಂದೆ. ಹೊಸ ಹೆಂಡತಿ ಕಟ್ಟಿಕೊಳ್ಳಿ ಅಂದವನನ್ನು ನೋಡುವಂತೆ ನೋಡಿದರು.

ಪೂಜೆಯ ಹಿಂದಿನ ದಿನ ನಾವೆಲ್ಲ ಮಷೀನು ತೊಳೆಯುತ್ತಿದ್ದೆವು. ಕೂದಲು ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಫೋರ್‌ಮನ್ನರು ಬೆಲ್ಟು ಹಿಡಿದು ಚಕ್ರದ ಮುಂದೆ ಕಲ್ಲಾಗಿ ನಿಂತಿದ್ದರು. ಜೀವಮಾನವೆಲ್ಲ ಸ್ಟೀಲಿಗೆ ಹೊಳಪು ಕೊಟ್ಟ ಕೈ, ಚರ್ಮವನ್ನೂ ಚಕ್ರಕ್ಕೆ ಕೊಟ್ಟುಬಿಟ್ಟಿತ್ತು. ಅಂಚಿನಲ್ಲಿ ತೊಗರಿಬೇಳೆಯಷ್ಟು ಜಾಗ ಸುಟ್ಟು ಕಪ್ಪಾಗಿತ್ತು.

"ಅವಳ್ ಕೈಯಿಂದ ತಪ್ಪುಸ್ಕೊಂಡಿರೋ ಮಾಲೇ ಇಲ್ಲ ಕಣ್ಲಾ," ಎಂದು ಅಲ್ಲೇ ಕುಸಿದು ಕೂತರು.

ರಾಜ್ಯೋತ್ಸವ, ಗಣೇಶನ ಪೆಂಡಾಲುಗಳಲ್ಲಿ ಮಿಮಿಕ್ರಿ ಮಾಡುವ ಕಲಾವಿದ ನಾನು. ಜೋಕಿಗೆ ಜನ ನಗದಿದ್ದರೂ ಶೂ ಮಾತ್ರ ಮಿರಮಿರ ಅನ್ನಬೇಕು. ಆದ್ದರಿಂದ ಬ್ಯಾಗಿನಲ್ಲಿ ಕಂದು ಪಾಲಿಶ್ ಸದಾ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಬೆಲ್ಟಿನ ಕೊಳೆ, ಜಿಡ್ಡು ತೆಗೆದೆ. ನೆರಳಿನಲ್ಲಿ ಆರಲು ಬಿಟ್ಟೆ. ಹಳೇ ಬನಿಯನ್ ತುಂಡಿಗೆ ಚೂರೇ ಚೂರು ಪಾಲಿಶ್ ಹಚ್ಚಿ, ತೆಳ್ಳಗೆ ಸವರಿ, ಅದು ಚರ್ಮಕ್ಕೆ ಇಳಿಯುವವರೆಗೂ ಕಾದೆ. ಕಾಯುವುದು ಅವರಿಗೆ ಆಗಲಿಲ್ಲ. ಬಟ್ಟೆ ಕಿತ್ತುಕೊಂಡು ನಲ್ಲಿಯನ್ನು ಒತ್ತುವ ಹಾಗೆ ಒತ್ತತೊಡಗಿದರು. ನನ್ನ ಬಾಯಿಂದ ಅವರದೇ ದನಿ ಹೊರಟಿತು: "ಅಮುಕ್ಬ್ಯಾಡ ಕಣ್ಲಾ, ಸವರು."

ಅವರು ಸವರಿದರು. ನನ್ನ ಮಾತೆಂದು ಗೊತ್ತಿದ್ದೂ ಯಾರಾದರೂ ಕೇಳಿದ್ದು ಅದೇ ಮೊದಲು.

ನಿಧಾನವಾಗಿ ಹುಣಸೆ ಬೀಜದ ಹೊಳಪು ಬಂತು. ಅವರು ಬೆಲ್ಟನ್ನು ಮೂಗಿನ ಮುಂದೆ ಹಿಡಿದು, "ಮುಕ ಕಾಣಾಕಿಲ್ವಲ್ಲೋ," ಅಂದರು. ನಿಮ್ಮ ಮುಖ ಕಂಡರೆ ಅದು ಮತ್ತೆ ಬಿರಿಯುತ್ತದೆ ಸಾರ್ ಅಂದೆ. ಸುಟ್ಟ ಜಾಗ ಹೋಗಲಿಲ್ಲ. ಬೆಲ್ಟಿನ ತುದಿ ತೂರಿಸುವ ಪುಟ್ಟ ಚರ್ಮದ ಬಳೆಯನ್ನು ಸರಿಸಿ ಅದರ ಮೇಲೆ ನಿಲ್ಲಿಸಿದೆ.

ಮರುದಿನ ಬಾಳೆಕಂದು, ಬೂದುಗುಂಬಳ, ಕಡ್ಲೆಪುರಿ, ಶಾಲು, ಹಾರ ಎಲ್ಲವೂ ಆಯಿತು. ನಾನು ಫೋರ್‌ಮನ್ನರ ಮಿಮಿಕ್ರಿ ಮಾಡಿದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕ. ಆಮೇಲೆ ಗಂಡನ ಕೈ ಹಿಡಿದುಕೊಂಡರು. ಹೆಬ್ಬೆರಳು ಬೆಲ್ಟಿನ ಮೇಲೆ ಹರಿದು, ಬಳೆಯ ಹತ್ತಿರ ನಿಂತಿತು. ಫೋರ್‌ಮನ್ನರು ಫ್ಯಾನು ನೋಡತೊಡಗಿದರು. ಅಕ್ಕ ಬಳೆ ಸರಿಸಿದರು, ನೋಡಿದರು, ಮತ್ತೆ ಅದೇ ಜಾಗಕ್ಕೆ ತಂದು ಕೂರಿಸಿದರು.

"ಪಾಸ್," ಅಂದರು.

ಅವತ್ತು ಫೋರ್‌ಮನ್ನರು ಸನ್ಮಾನದ ಶಾಲನ್ನು ಮರೆತು, ಮಾಲೀಕರಿಂದ ಹಿಡಿದು ಲೋಡಿಂಗ್‌ನವರವರೆಗೆ ಎಲ್ಲರಿಗೂ ಮಣಿಕಟ್ಟು ತೋರಿಸಿಕೊಂಡು ಓಡಾಡಿದರು. "ನಮ್ ಹುಡ್ಗ ಮಾಡಿದ್ದು ಕಣ್ರೀ, ಚಕ್ರ ಇಲ್ದೆ." ಆಮೇಲೆ ಎಷ್ಟೋ ವೇದಿಕೆಗಳಲ್ಲಿ ಚಪ್ಪಾಳೆ ಸಿಕ್ಕಿದೆ... ಅಷ್ಟು ಎದೆಯುಬ್ಬಿದ್ದು ಮಾತ್ರ ಅವತ್ತೇ.

ಇವತ್ತು ಸಂಜೆ ರಾಜಗೋಪಾಲನಗರದ ಅವರ ಮನೆಗೆ ವಾಚು ತೆಗೆದುಕೊಂಡು ಹೋದೆ. ಹುಣಸೆ ಬೀಜದ ಹೊಳಪು ಮತ್ತೆ ಬಂದಿತ್ತು. ಅಕ್ಕನ ಕೈ ಸಣ್ಣದೆಂದು ಬೆಲ್ಟಿಗೆ ಹೊಸ ತೂತು ಹಾಕಿದ್ದೆ. ಕಟ್ಟಿದ ಮೇಲೆ ನೋಡಿದರೆ, ಬಳೆ ಬೇರೆ ಕಡೆ ನಿಂತು ಸುಟ್ಟ ಜಾಗ ಹೊರಗೇ ಕಾಣುತ್ತಿತ್ತು. ಅದಕ್ಕೆ ಬಣ್ಣ ಹಚ್ಚಿಕೊಡುತ್ತೇನೆ ಅಕ್ಕ ಅಂದೆ.

"ಬಿಡು. ಮಿಕ್ಕಿದ್ದೆಲ್ಲ ನೀನ್ ಮಾಡಿದ್ದು. ಅದೊಂದು ಅವರ್ ಮಾಡಿದ್ದು."

ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡು, ಹೆಂಗಿದೆ ಅಂತ ಅವರ ದನಿಯಲ್ಲಿ ಒಂದು ಸಲ ಹೇಳು ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡೆ, ಇಲ್ಲದ ಮೀಸೆ ಸವರಿಕೊಂಡೆ, ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ. ಬೆನ್ನ ಹಿಂದೆ ಅವರು ನಿಂತು ಕೇಳದಿದ್ದರೆ ಆ ದನಿ ಎಲ್ಲಿಂದ ಬರಬೇಕು...

"ಪಾಸ್, ಅಕ್ಕ," ಅಂದೆ. ನನ್ನದೇ ದನಿಯಲ್ಲಿ.